ಕಾಗದದ ಮೇಲೆ ಉರಿಯುವ ದೀಪ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಶಾಲಾ ಪ್ರವಾಸ ಹೋದವರು ಮರೆಯದ ಚಿತ್ರ ಒಂದಿದೆ: ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಜ್ವಾಲೆಗೆ ಮರೆಮಾಡಿ ನಿಂತ ಯುವತಿ. ಈಚೆಗೆ ಬ್ಲಫ್‌ನಲ್ಲಿ ಅಧ್ಯಾಪಕರೊಂದಿಗೆ ಮಾತನಾಡುವಾಗ ಈ ಚಿತ್ರದ ಪ್ರಸ್ತಾಪ ಬಂತು. ಅದು ರಾಜಾ ರವಿವರ್ಮರದೆಂದು ಹಲವರು ಹೇಳಿದರು. ಚಿತ್ರದ ಹಿಂದೆ ಬಲ್ಬ್ ಇರಬೇಕೆಂದು ಒಬ್ಬರು ಊಹಿಸಿದರು. ಎರಡೂ ತಪ್ಪು.

ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಈ ಚಿತ್ರವನ್ನು ಎಸ್. ಎಲ್. ಹಲ್ದನ್‌ಕರ್ ಅವರು 1945-46ರ ವೇಳೆಗೆ ರಚಿಸಿದರು. ರೂಪದರ್ಶಿ ಅವರ ಮಗಳು ಗೀತಾ. ದೊಡ್ಡ ಹೆಸರನ್ನು ಮೆಚ್ಚಿ, ಆ ಮೆಚ್ಚುಗೆಯನ್ನು ಚಿತ್ರಕ್ಕೆ ಅಂಟಿಸುವುದು ನಮ್ಮ ಅಭ್ಯಾಸ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಮೋನಾಲಿಸಾಳ ಖ್ಯಾತಿಗೂ 1911ರ ಕಳವು ಮತ್ತು 1913ರಲ್ಲಿ ಅದು ಮರಳಿ ಸಿಕ್ಕಿದ ಸುದ್ದಿ ಬಹಳ ನೆರವಾದವು. ಹಾಗಾದರೆ ಹೆಸರು, ಸುದ್ದಿಗಳನ್ನು ಕಳೆದ ಮೇಲೆ ಉಳಿಯುವುದೇನು?

ಮೊದಲು ಹಲ್ದನ್‌ಕರ್ ಎದುರಿಸಿದ ಸಮಸ್ಯೆಯನ್ನು ನೋಡಿ. ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 80 ಭಾಗವನ್ನೂ, ಕಪ್ಪು ಬಣ್ಣ ಸುಮಾರು ಶೇ. 4 ಭಾಗವನ್ನೂ ಪ್ರತಿಫಲಿಸುತ್ತವೆ ಎನ್ನೋಣ. ಅನುಪಾತ 20:1. ನಿಜವಾದ ಜ್ವಾಲೆಗೂ ಕೋಣೆಯ ಕತ್ತಲ ಮೂಲೆಗೂ ಇರುವ ಅನುಪಾತ ಸಾವಿರಗಳಲ್ಲಿದೆ. ಆದ್ದರಿಂದ ಕಾಗದ ಬೆಳಗಲಾರದು. ಬೆಳಗಿದಂತೆ ಕಾಣಿಸಬಲ್ಲದು ಅಷ್ಟೆ. ಸುತ್ತಲಿನ ಕತ್ತಲನ್ನು ಆಳವಾಗಿಸಿದರೆ ನಮ್ಮ ಕಣ್ಣು ನಡುವಿನ ಹೊಳಪನ್ನು ಹೆಚ್ಚಿಸಿಕೊಳ್ಳುತ್ತದೆ.

ಇದು ಜಲವರ್ಣ ಚಿತ್ರ ಎಂಬುದನ್ನೂ ಗಮನಿಸಿ. ಪಾರದರ್ಶಕ ಬಣ್ಣದ ಮೂಲಕ ಇಳಿದ ಬೆಳಕು ಕಾಗದದಿಂದ ಹಿಂದಿರುಗಿ ಮತ್ತೆ ಅದೇ ಬಣ್ಣವನ್ನು ದಾಟುತ್ತದೆ. ಎಲ್ಲಿ ಬಣ್ಣ ತೀರ ಕಡಿಮೆಯೋ ಅಲ್ಲಿ ಹೊಳಪು ಹೆಚ್ಚು. ಆದ್ದರಿಂದ ಚಿತ್ರಕಾರ ಬೆಳಕನ್ನು ಬಳಿಯಲಿಲ್ಲ, ಉಳಿಸಿದ. ತಪ್ಪಿದರೆ ತಿದ್ದುವುದು ಕಷ್ಟ.

ಇನ್ನು ಬೆರಳುಗಳು. ಅವುಗಳ ಅಂಚು ಕೆಂಪಗೆ ಹೊಳೆಯುವುದು ಅಲಂಕಾರವಲ್ಲ. ರಕ್ತದ ಹೀಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಹೆಚ್ಚಾಗಿ ಹೀರುತ್ತದೆ; ಕೆಂಪು ಬೆಳಕು ಅಂಗಾಂಶದಲ್ಲಿ ಚದರಿ ಹೊರಬರುತ್ತದೆ. ವಿಲೋಮ ವರ್ಗ ನಿಯಮವನ್ನೂ ನೆನೆಯಿರಿ. ಮುಖ ಜ್ವಾಲೆಯಿಂದ 30 ಸೆಂಟಿಮೀಟರ್, ಮೊಣಕಾಲು 90 ಸೆಂಟಿಮೀಟರ್ ದೂರವಿದ್ದರೆ ಅಲ್ಲಿಗೆ ತಲುಪುವ ಬೆಳಕು ಒಂಬತ್ತನೇ ಒಂದು ಭಾಗ. ಮುಖ ಬೆಳಗಿ ಉಳಿದದ್ದು ಮಬ್ಬಾಗುವುದು ಈ ನಿಯಮದಿಂದಲೇ.

ಲಿಯೊನಾರ್ಡೊ ಇದೇ ಭೌತವಿಜ್ಞಾನವನ್ನು ಬೇರೆ ರೀತಿ ಬಳಸಿದ. ಮೋನಾಲಿಸಾಳ ಮುಖದಲ್ಲಿ ಗೆರೆಗಳಿಲ್ಲ. ಕೆಲವೇ ಮೈಕ್ರೋಮೀಟರ್ ದಪ್ಪದ ತೈಲವರ್ಣದ ಪದರಗಳು ಒಂದರ ಮೇಲೊಂದು ಕೂತು ನೆರಳನ್ನು ಹೊಗೆಯಂತೆ ಕರಗಿಸುತ್ತವೆ. 2010ರಲ್ಲಿ ಎಕ್ಸ್-ಕಿರಣ ಪ್ರತಿದೀಪ್ತಿಯ ಅಳತೆಗಳು ಇದನ್ನು ತೋರಿಸಿದವು. ಆ ನಗು ಬಾಯಿಯನ್ನೇ ದಿಟ್ಟಿಸಿದಾಗ ಮಾಯವಾಗಿ, ಕಣ್ಣುಗಳನ್ನು ನೋಡುವಾಗ ಮೂಡುತ್ತದೆ. ಅಕ್ಷಿಪಟಲದ ಅಂಚು ಸೂಕ್ಷ್ಮ ವಿವರಗಳನ್ನು ಬಿಟ್ಟು ಮಬ್ಬು ನೆರಳನ್ನಷ್ಟೇ ಗ್ರಹಿಸುವುದು ಇದಕ್ಕೆ ಕಾರಣವೆಂದು ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ 2000ದಲ್ಲಿ ವಿವರಿಸಿದರು.

ಎರಡರಲ್ಲಿ ಯಾವುದು ಮೇಲು? ಹಲ್ದನ್‌ಕರ್ ಅವರ ಚಿತ್ರ ಮೊದಲ ನೋಟದಲ್ಲೇ ತನ್ನನ್ನು ಕೊಟ್ಟುಬಿಡುತ್ತದೆ. ಮೋನಾಲಿಸಾ ಪ್ರತಿ ನೋಟದಲ್ಲೂ ಸ್ವಲ್ಪ ಉಳಿಸಿಕೊಳ್ಳುತ್ತಾಳೆ. ಈ ಕಾರಣಕ್ಕೆ ನನ್ನ ಮತ ಎರಡನೆಯದಕ್ಕೆ. ಆದರೆ ಒಂದೇ ದೀಪದ ಬೆಳಕನ್ನು ಪ್ರಾಮಾಣಿಕವಾಗಿ ನೋಡುವುದನ್ನು ಕಲಿಸುವ ಚಿತ್ರ ನಮಗೆ ಹತ್ತಿರದಲ್ಲೇ ಇದೆ.

ಬ್ಲಫ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರ ವಿದ್ಯುದಾಗಾರದ ಊರು. ಅಲ್ಲಿಯೂ ಒಂದು ಸಂಜೆ ದೀಪಗಳನ್ನು ಆರಿಸಿ, ಎಣ್ಣೆದೀಪವೊಂದನ್ನು ಹಚ್ಚಿ, ಅಂಗೈ ಅಡ್ಡ ಹಿಡಿದು ನೋಡಿ ಎಂದು ಆ ಅಧ್ಯಾಪಕರಿಗೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಆಮೇಲೆ ಚಿತ್ರವನ್ನು ನೋಡಿ. ಮೆಚ್ಚುಗೆ ಆಗ ನಿಮ್ಮದೇ ಆಗಿರುತ್ತದೆ.