ಲಿಯರ್ ದೊರೆಯ ತಡವಾದ ಓದು

40 ವರ್ಷಗಳ ಹಿಂದೆ ಬಿ.ಎ. ತರಗತಿಯಲ್ಲಿ ‘ಕಿಂಗ್ ಲಿಯರ್’ ಓದಿದಾಗ ನಾನು ಕಾರ್ಡೀಲಿಯಳ ಪಕ್ಷ. ಹಟಮಾರಿ ಮುದುಕನಿಗೆ ತಕ್ಕ ಶಾಸ್ತಿಯಾಯಿತೆಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿದೆ. ನಿವೃತ್ತನಾಗಿ, ಇದ್ದೊಂದು ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟು, ಅದೇ ಮನೆಯ ಮುಂಗೋಣೆಯಲ್ಲಿ ಕುಳಿತು ಮೊನ್ನೆ ಮತ್ತೆ ಓದಿದೆ. ಅದು ಬೇರೆಯೇ ನಾಟಕವಾಗಿತ್ತು.

ದುಃಖವು ಲಿಯರನಿಗೆ ವಿವೇಕ ಕಲಿಸಿತೆಂಬುದು ವಾಡಿಕೆಯ ಮಾತು. ಏನನ್ನು ಕಲಿತ, ಹೇಗೆ ಕಲಿತ ಎಂದು ಕೇಳುವವರು ಕಡಮೆ. ಎಂಬತ್ತು ದಾಟಿದ ಈ ದೊರೆ ಮೊದಲು ಬಲ್ಲದ್ದು ಲೆಕ್ಕವೊಂದನ್ನೇ. ಮಾತಿನ ತೂಕ ನೋಡಿ ರಾಜ್ಯ ಹಂಚುತ್ತಾನೆ. ತನಗೆಂದು ಉಳಿಸಿಕೊಂಡ 100 ಮಂದಿ ಪರಿವಾರವನ್ನು ಒಬ್ಬ ಮಗಳು 50ಕ್ಕೆ, ಇನ್ನೊಬ್ಬಳು 25ಕ್ಕೆ ಇಳಿಸಿದಾಗಲೂ, ಐವತ್ತೆಂದರೆ ಇಪ್ಪತ್ತೈದರ ಇಮ್ಮಡಿ, ಆದುದರಿಂದ ಮೊದಲನೆಯವಳ ಪ್ರೀತಿಯೂ ಇಮ್ಮಡಿ ಎಂದು ಗುಣಿಸುತ್ತಾನೆ! (ಆ ಪರಿವಾರದ ಗಲಾಟೆಯ ಬಗ್ಗೆ ಗಾನೆರಿಲ್ ಹೇಳುವ ದೂರಿನಲ್ಲಿ ಕೊಂಚ ನ್ಯಾಯವಿದೆಯೆಂದು ಈಗ ನನಗೆ ತೋರುತ್ತದೆ. ನನ್ನ ಗೆಳೆಯರಿಗೆ ದಿನಕ್ಕೆ ಎಷ್ಟು ಸಲ ಕಾಫಿ ಎಂಬ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು.) ಒಬ್ಬನಾದರೂ ಏಕೆ ಬೇಕು ಎಂಬಲ್ಲಿಗೆ ಬಂದು ಆ ಲೆಕ್ಕ ಮುಗಿಯುತ್ತದೆ.

ಆಮೇಲೆ ಬಿರುಗಾಳಿ. ಗುಡಿಸಲ ಬಾಗಿಲಲ್ಲಿ ವಿದೂಷಕನನ್ನು ಮೊದಲು ಒಳಗೆ ಹೋಗೆಂದು ಹೇಳಿ, ಇಂಥ ಮಳೆಯಲ್ಲಿ ಸೂರಿಲ್ಲದವರ ಗತಿಯೇನೆಂದು ಲಿಯರ್ ಯೋಚಿಸುತ್ತಾನೆ. ಇಷ್ಟು ದಿನ ಇದನ್ನು ತಾನು ಗಮನಿಸಲಿಲ್ಲವೆಂದು ಒಪ್ಪುತ್ತಾನೆ. ನಾಟಕ ಇಲ್ಲಿಗೇ ನಿಂತಿದ್ದರೆ ನೀತಿಪಾಠವಾಗುತ್ತಿತ್ತು. ಆದರೆ ಕಲಿತದ್ದು ನಿಲ್ಲುವುದಿಲ್ಲ. ಬುದ್ಧಿ ಕದಡುತ್ತದೆ, ನಾಲ್ಕನೆಯ ಅಂಕದಲ್ಲಿ ಅಳಿಯಂದಿರನ್ನು ಕೊಲ್ಲುವ ಮಾತಾಡುತ್ತಾನೆ. ಅದೇ ಅಂಕದ ಕೊನೆಯಲ್ಲಿ ಕಾರ್ಡೀಲಿಯಳ ಮುಂದೆ ಮಂಡಿಯೂರಲು ಹೋಗುತ್ತಾನೆ, ಅವಳು ತಡೆಯುತ್ತಾಳೆ. ಹಿಂದೆ ರೀಗನಳ ಮುಂದೆಯೂ ಅವನು ಮಂಡಿಯೂರಿದ್ದ, ಅನ್ನ ಬಟ್ಟೆ ಹಾಸಿಗೆ ಬೇಡಿದ್ದ. ಅದು ಅಣಕ.

1681ರಲ್ಲಿ ನೇಹಮ್ ಟೇಟ್ ಎಂಬಾತ ಲಿಯರನಿಗೆ ರಾಜ್ಯವನ್ನೂ ಕಾರ್ಡೀಲಿಯಳಿಗೆ ವರನನ್ನೂ ದೊರಕಿಸಿ ಮಂಗಳ ಹಾಡಿದ. ಇಂಗ್ಲಿಷ್ ರಂಗಭೂಮಿ ಬಹುಮಟ್ಟಿಗೆ 150 ವರ್ಷ ಅದನ್ನೇ ಆಡಿತು. ಡಾಕ್ಟರ್ ಜಾನ್ಸನ್‌ನಂಥ ಗಟ್ಟಿಗನೇ, ಸಂಪಾದನೆಗೆ ಕೂಡುವ ತನಕ ಮೂಲದ ಕಡೆಯ ದೃಶ್ಯಗಳನ್ನು ಮತ್ತೆ ಓದುವ ಧೈರ್ಯ ತನಗಿತ್ತೋ ಇಲ್ಲವೋ ಎಂದು 1765ರಲ್ಲಿ ಬರೆದ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಟೇಟನ ತಿದ್ದುಪಡಿ ಒಪ್ಪಿಗೆಯಾಗುವುದಿಲ್ಲ. ಕಲಿತವನಿಗೆ ಕೂಲಿ ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ಷೇಕ್ಸ್‌ಪಿಯರ್ ಎಲ್ಲೂ ಕೊಟ್ಟಿಲ್ಲ.

ಟಾಲ್‌ಸ್ಟಾಯ್ 1906ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ನಾಟಕವನ್ನು ಹೀಗಳೆದರು. 1910ರಲ್ಲಿ, 82ನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟು ರೈಲುನಿಲ್ದಾಣವೊಂದರಲ್ಲಿ ತೀರಿಕೊಂಡರು, ಮಗಳೊಬ್ಬಳು ಬಳಿಯಲ್ಲಿದ್ದಳು. ಇವೆರಡನ್ನೂ ಜೋಡಿಸಿ 1947ರಲ್ಲಿ ಆರ್ವೆಲ್ ಬರೆದದ್ದನ್ನು ಕೆಲವರು ಕುಚೋದ್ಯವೆನ್ನಬಹುದು. ನನಗೆ ಹಾಗೆನಿಸಲಿಲ್ಲ.

ಬಿರುಗಾಳಿಯಲ್ಲಿ ಮೈಮೇಲಿನ ಬಟ್ಟೆಯನ್ನು ಕಿತ್ತೊಗೆಯಲು ಹೊರಟಿದ್ದ ಲಿಯರ್, ಸತ್ತ ಮಗಳ ಪಕ್ಕದಲ್ಲಿ, ತಾನು ಸಾಯುವ ಮುನ್ನ, ಒಂದು ಗುಂಡಿ ಬಿಚ್ಚಿಕೊಡಿರೆಂದು ಯಾರನ್ನೋ ಕೇಳಿ ಉಪಕಾರ ಸ್ಮರಿಸುತ್ತಾನೆ. ಗುಂಡಿ ಅವನದೋ ಮಗಳದೋ ನಾಟಕಕಾರ ಹೇಳಿಲ್ಲ. ಬಿಚ್ಚಿದವನ ಹೆಸರನ್ನೂ ಹೇಳಿಲ್ಲ.