ನಡುವೆ ಗಿಡ್ಡ, ಅಂಚಿಗೆ ಎತ್ತರದ ಬಟನ್

ಗೋಣಿಬೀಡಿನಲ್ಲಿ ಡಾಂಬರು ರಸ್ತೆ ಬಿಟ್ಟು ಪಕ್ಕಕ್ಕೆ ತಿರುಗಿದರೆ ಸಾಕು, ಕಾಫಿ ತೋಟದ ಮಣ್ಣುದಾರಿ ಶುರು. ಎರಡಕ್ಕೂ ಒಗ್ಗುವ ಮೌಂಟನ್ ಸೈಕಲ್ ಟೈರೆಂದರೆ ನಡುವೆ ಒತ್ತೊತ್ತಾದ ಗಿಡ್ಡ ಬಟನ್, ಅಂಚಿಗೆ ಬಿಡಿಬಿಡಿಯಾದ ಎತ್ತರದ ಬಟನ್ ಇರುವಂಥದ್ದು. ನೇರ ರಸ್ತೆಯಲ್ಲಿ ಹೆಚ್ಚಾಗಿ ನಡುಪಟ್ಟಿಯೇ ನೆಲ ಮುಟ್ಟಿ ಸಲೀಸಾಗಿ ಉರುಳುತ್ತದೆ; ಮಣ್ಣಿನ ತಿರುವಿನಲ್ಲಿ ಸೈಕಲ್ ವಾಲಿದೊಡನೆ ಅಂಚು ಕಚ್ಚಿ ಹಿಡಿಯುತ್ತದೆ. ಸುಮಾರು 2 ಇಂಚು ಅಗಲ ಹದ. ಗಾಳಿಯೂ ಅಷ್ಟೇ ಮುಖ್ಯ: ಸಾಧಾರಣ ತೂಕದವರಿಗೆ ರಸ್ತೆಯಲ್ಲಿ 45 ಪಿಎಸ್‌ಐ ಆಸುಪಾಸು, ಮಣ್ಣಿನಲ್ಲಿ 30–35. ಮಳೆಗಾಲದ ಜಿಗುಟು ಕೆಸರು ಮಾತ್ರ ಒತ್ತೊತ್ತು ಸಂದುಗಳಲ್ಲಿ ಮೆತ್ತಿಕೊಂಡು ಹಿಡಿತ ಕಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂದಿನ ಚಕ್ರಕ್ಕಾದರೂ ದೊಡ್ಡ ಬಟನ್ ಟೈರು ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು. ಮುಂದಿನದು ಜಾರಿದರೆ ನೆಲವೇ ಗತಿ.