ಪ್ಯಾಟ್ ಸಮಿಟ್ ಕಟ್ಟಿದ ತಂಡ

1974ರಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಹೊಣೆ ಹೊತ್ತಾಗ ಪ್ಯಾಟ್ ಸಮಿಟ್ ಅವರಿಗೆ ಬರೀ 22 ವರ್ಷ. ತಿಂಗಳ ಸಂಬಳ 250 ಡಾಲರ್. ಹುಡುಗಿಯರ ಜೆರ್ಸಿ ಒಗೆಯುವವರೂ ಅವರೇ, ಪಂದ್ಯದೂರಿಗೆ ವ್ಯಾನ್ ಓಡಿಸುವವರೂ ಅವರೇ. ಮೊದಲ ರಾಷ್ಟ್ರೀಯ ಪ್ರಶಸ್ತಿ ದಕ್ಕಿದ್ದು 1987ರಲ್ಲಿ. ಆಮೇಲೆ ಬಂದ ಏಳು ಪ್ರಶಸ್ತಿಗಳಿಗಿಂತ ಆ ದೀರ್ಘ ತಾಳ್ಮೆಯೇ ನನಗೆ ದೊಡ್ಡದು.

ಅಭ್ಯಾಸದಲ್ಲಿ ಹುಡುಗರನ್ನೇ ಎದುರಾಳಿಗಳಾಗಿ ನಿಲ್ಲಿಸುತ್ತಿದ್ದರು. ಅಂಗಳದಾಚೆಗೂ ಅವರ ಕಟ್ಟುನಿಟ್ಟು ಸಡಿಲವಾಗುತ್ತಿರಲಿಲ್ಲ: ಆಟಗಾರ್ತಿಯರು ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲೇ ಕೂರಬೇಕು. ಹಿಂದಿನ ಬೆಂಚಿನ ಮಾತೇ ಇಲ್ಲ! 38 ಋತುಗಳಲ್ಲಿ 1,098 ಗೆಲುವು ಸರಿ. ಆದರೆ ಅವರ ಬಳಿ ಆಟದ ಅವಧಿ ಪೂರೈಸಿದ ಪ್ರತಿಯೊಬ್ಬಳೂ ಪದವಿ ಪಡೆದೇ ಹೊರಬಂದಳು. ಇಷ್ಟನ್ನು ಎಷ್ಟು ಕೋಚ್‌ಗಳು ಹೇಳಿಕೊಳ್ಳಬಲ್ಲರು?